ಆಡ್ರಿ ಮುಟ್ಟದ ಪದ

ಇಂಗ್ಲೆಂಡಿನ ನಮ್ಮ ಈಲಿ ಊರಿನ ಪೇಟೆಯಲ್ಲಿ ನನ್ನ ಆಲೂಗಡ್ಡೆ ಅಂಗಡಿಗೆ ಒತ್ತಿಕೊಂಡೇ ಆಡ್ರಿ ಸೆಚೆಲ್ ರೇಷ್ಮೆ ಕೊರಳಪಟ್ಟಿ ನೇಯ್ದು ಮಾರ್ತಾಳೆ. ಅವಳಿಗೆ ಪದಗಳ ಹುಚ್ಚು. ಇಂಗ್ಲಿಷಿನ ಯಾವ ವಿಚಿತ್ರ ಪದ ಕಿವಿಗೆ ಬಿದ್ದರೂ ಅದು ಎಲ್ಲಿಂದ ಬಂತು ಅಂತ ಜಾಲಾಡದೆ ಬಿಡೋಳಲ್ಲ.

"ಡಾಟ್, ಕರ್ಫ್ಯೂ ಅಂದ್ರೆ ಏನು ಗೊತ್ತೇನೇ? ಹಳೇ ಫ್ರೆಂಚಲ್ಲಿ 'ಬೆಂಕಿ ಮುಚ್ಚು' ಅಂತ! ರಾತ್ರಿ ಗಂಟೆ ಹೊಡೆದ ಕೂಡಲೇ ಒಲೆ ಮುಚ್ಬೇಕಿತ್ತಂತೆ" ಅಂತ ನನ್ನ ಅಂಗಡಿಗೆ ಬಗ್ಗಿ ಹೇಳೋಳು.

"ಮೊದಲು ನೀನು ಬಾಯಿ ಮುಚ್ಚು, ಗಿರಾಕಿ ಬಂದ್ರು" ಅಂತಿದ್ದೆ. ಒಳಗೊಳಗೇ ನನಗೆ ಅವಳ ಮೇಲೆ ಭಾರೀ ಹೆಮ್ಮೆ.

ಒಂದೇ ಒಂದು ಪದದ ತಂಟೆಗೆ ಮಾತ್ರ ಅವಳು ಹೋಗಿರಲಿಲ್ಲ. ಟಾಡ್ರಿ. ಥಳುಕು ಜಾಸ್ತಿ, ತಿರುಳಿಲ್ಲ ಅನ್ನೋ ಅಗ್ಗದ ಮಾಲಿಗೆ ಆಡೋ ಮಾತು. ಶಾಲೆಯಲ್ಲಿ "ಟಾಡ್ರಿ ಆಡ್ರಿ" ಅಂತ ಕೂಗಿ ಕೂಗಿ ಅವಳನ್ನು ಅಳಿಸಿದ್ದರು. ಅದಕ್ಕೇ ಅಂಗಡಿ ಬೋರ್ಡಿನಲ್ಲೂ ಬರೀ 'ಎ. ಸೆಚೆಲ್'.

ನಮ್ಮೂರ ಸಂತ ಎಥೆಲ್‌ಡ್ರೆಡಾಳ ಹಬ್ಬದ ದಿನ ದೊಡ್ಡ ಚರ್ಚಿನ ಅಂಗಳದಲ್ಲಿ ಅಂಗಡಿ ಹಾಕಬೇಕು ಅನ್ನೋದು ಅವಳ ಎಷ್ಟೋ ವರ್ಷದ ಆಸೆ. ಈ ಸಲ ಕೇಳಿದಾಗ, ಜಾಗ ಹಂಚೋ ಮಾರೀನ್ ಒಂದು ಕೆಂಪು ಪಟ್ಟಿ ಎತ್ತಿ ನೋಡಿ, "ಇದು ತೀರಾ ಟಾಡ್ರಿ ಆಯ್ತಮ್ಮ. ಸಂತಳ ಹಬ್ಬಕ್ಕೆ ಬೇಡ" ಅಂದುಬಿಟ್ಟಳು.

ಆಡ್ರಿ ಪಟ್ಟಿಗಳನ್ನು ಮಡಚಿದಳು. ನನಗೆ ಮೈಯೆಲ್ಲ ಉರಿದುಹೋಯ್ತು.

"ಊರ ಪದಗಳ ಬುಡ ಎಲ್ಲ ಅಗೀತೀಯ, ಇದರ ಬುಡ ಯಾಕೆ ನೋಡಲ್ಲ? ಹೆದರಿಕೇನಾ?" ಅಂತ ಅವಳನ್ನೇ ಕೇಳಿದೆ.

"ಹೂಂ ಕಣೇ" ಅಂದಳು. "ಹೆದರಿಕೇನೇ."

ಮಾರನೇ ದಿನ ಲೈಬ್ರರಿಯಲ್ಲಿ ಆ ಪದ ಹುಡುಕಿ, ಅಲ್ಲಿಂದ ನೆಟ್ಟಗೆ ಮಾರೀನ್ ಹತ್ತಿರ ಹೋದಳು. ನಾನು ಬಿಟ್ಟೇನಾ? ಹಿಂದೆಯೇ ಹೋದೆ.

"ಮಾರೀನ್, ನಮ್ಮ ಸಂತ ಎಥೆಲ್‌ಡ್ರೆಡಾಳನ್ನ ಜನ ಏನಂತ ಕರೀತಿದ್ರು ಹೇಳು? ಆಡ್ರಿ! ಸೇಂಟ್ ಆಡ್ರಿ ಹಬ್ಬದ ಸಂತೇಲಿ ಮಾರ್ತಿದ್ದ ರೇಷ್ಮೆ ಕೊರಳಪಟ್ಟೀನೇ ಟಾಡ್ರಿ. 'ಸೇಂಟ್' ಅನ್ನೋದರ ಕೊನೇ 'ಟ್' ಆಡ್ರಿಗೆ ಅಂಟಿಕೊಂಡು 'ಟಾಡ್ರಿ' ಆಯ್ತು. ಹೆಣ್ಣುಮಕ್ಕಳು ಆಸೆಪಟ್ಟು ಕೊಳ್ತಿದ್ರು. ಆಮೇಲೆ ಕಳಪೆ ಮಾಲು ನುಗ್ಗಿ ಹೆಸರು ಕೆಟ್ಟಿತು. ನನ್ನ ಮಾಲು ಕಳಪೆನಾ? ಎಳೆದು ನೋಡು."

ಮಾರೀನ್ ಎಳೆದಳು. ಒಂದೆಳೆಯೂ ಜಗ್ಗಲಿಲ್ಲ. "ಬಾಗಿಲ ಹತ್ತಿರದ ಜಾಗ ಆಗುತ್ತಾ?" ಅಂದಳು, ಮೆಲ್ಲಗೆ.

ಹಬ್ಬದ ದಿನ ಹೊಸ ಬೋರ್ಡು ಬಂತು: 'ಆಡ್ರಿ ಸೆಚೆಲ್. ಅಸಲಿ ಟಾಡ್ರಿ.' ಶಾಲೆಯಲ್ಲಿ ಜೊತೆಗೆ ಓದಿದ್ದ ಒಬ್ಬಳು ಅದನ್ನು ನೋಡಿ ನಕ್ಕು, "ಅಯ್ಯೋ, ಟಾಡ್ರಿ ಆಡ್ರಿ!" ಅಂತ ಕೂಗಿದಳು.

ಆಡ್ರಿ ತಲೆ ಎತ್ತಿದಳು. "ಹೌದು, ನಾನೇ. ಯಾವ ಬಣ್ಣ ಕೊಡ್ಲಿ?"