ಮೊಣಕೈವರೆಗೆ ವಾಚು

ಮಗಳಿಗೆ ಶಾಲೆ ತಪ್ಪಿಸಲು ಒಪ್ಪಿಗೆ ಕೊಟ್ಟವರು ಯಾರು ಎಂಬುದು ನನಗೆ ಈಗಲೂ ಖಚಿತವಿಲ್ಲ. ನಾನೇ ಕೊಟ್ಟೆ ಎಂದು ನನ್ನ ನೆನಪು. ಅಪ್ಪ ಸುಮ್ಮನಿದ್ದ ಅಷ್ಟೇ, ಒಪ್ಪಿದ್ದು ಆಯಿ ಎಂದು ಮಗಳು ಹೇಳುತ್ತಾಳೆ. ಆಯಿ ಎಂದರೆ ಅವಳಿಗೆ ಅಜ್ಜಿ, ನನಗೆ ಅವ್ವ. ಅವ್ವನನ್ನು ಕೇಳಿದರೆ, ಹುಡುಗಿ ಯಾರನ್ನೂ ಕೇಳಲೇ ಇಲ್ಲ, ಹೊರಟು ನಿಂತು ಹೇಳಿದಳು ಎನ್ನುತ್ತಾಳೆ. ಒಂದೇ ಅಡುಗೆಮನೆಯಲ್ಲಿ ಒಂದೇ ಸಂಜೆ ನಡೆದದ್ದಕ್ಕೆ ಮೂರು ಕತೆ. ನಾನು ಧಾರವಾಡದಲ್ಲಿ ಇತಿಹಾಸ ಓದಿದವನು. ಕಣ್ಣಾರೆ ಕಂಡೆ ಎನ್ನುವವನನ್ನೂ ಅನುಮಾನಿಸಬೇಕು ಎಂದು ಅಲ್ಲಿ ಕಲಿಸಿದ್ದರು. ಈಗ ಬೆಳಗಾವಿಯ ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ಮಾಲು ರವಾನೆಯ ಕಾಗದ ಬರೆಯುತ್ತೇನೆ. ಆ ಓದಿನಿಂದ ಉಳಿದದ್ದು ಇಷ್ಟೇ: ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಹಿಂತಿರುಗಿ ಬಂದು ನೋಡುತ್ತೇನೆ.

ಅದು ಜನವರಿಯ ಕೊನೆ. ನಾನು ಇಸ್ತ್ರಿ ಮಾಡುತ್ತಿದ್ದೆ. ಅವ್ವ ನೆಲದ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಅವರೆಕಾಯಿ ಅಲ್ಲದಿದ್ದರೆ ಬಟಾಣಿ ಇರಬೇಕು. ಮಗಳು ಬಂದು ಟೇಬಲ್ಲಿನ ಅಂಚು ಹಿಡಿದು ನಿಂತಳು. ಅವಳು ಆಗ ಒಂಬತ್ತನೇ ತರಗತಿ.

“ಅಪ್ಪಾ, ಬುಧವಾರ ನಮ್ಮ ಕ್ಲಾಸಿನವ್ರು ಖಾನಾಪುರಕ್ಕ ಹೊಂಟಾರ.”

“ಸಾಲಿಯಿಂದ ಏನು?”

“ಸಾಲಿಯಿಂದ ಅಲ್ಲ. ನಾವಽ ನಾವು.”

“ಬುಧವಾರ ಸಾಲಿ ಇಲ್ಲೇನು?”

“ಐತಿ. ಅದಕ್ಕಽ ಕೇಳಾಕತ್ತೇನಿ.”

“ರವಿವಾರ ಹೋಗ್ರಿ.”

“ರವಿವಾರ ಎಲ್ಲಾರಿಗೂ ಟ್ಯೂಷನ್ ಇರತೈತಿ. ಅದನ್ನ ತಪ್ಪಿಸಿದ್ರ ಮನ್ಯಾಗ ಬೈತಾರ.”

ಶಾಲೆಯ ಪ್ರವಾಸ ಆ ವರ್ಷ ರದ್ದಾಗಿತ್ತು. ಮುಂದಿನ ವರ್ಷ ಹತ್ತನೇ ತರಗತಿ, ಮಾತೇ ಇಲ್ಲ. ಹಾಗಾಗಿ ಮಕ್ಕಳೇ ಯೋಜನೆ ಹಾಕಿದ್ದರು. ಒಬ್ಬ ಹುಡುಗಿಯ ಸೋದರತ್ತೆಯ ಮನೆ ಖಾನಾಪುರದಲ್ಲಿ ಹೊಳೆಯ ಹತ್ತಿರ ಇತ್ತು. ಊಟ ಅಲ್ಲಿ. ಹೋಗುವಾಗ ಬರುವಾಗ ರೈಲು. ಎಲ್ಲರೂ ಜ್ವರ ಎಂದು ರಜೆ ಚೀಟಿ ಕೊಟ್ಟರೆ ಸಿಕ್ಕಿಬೀಳುತ್ತೇವೆ ಎಂದು ಒಬ್ಬೊಬ್ಬರಿಗೆ ಒಂದೊಂದು ಕಾರಣ ಬರೆದು, ಮಡಚಿ, ಊಟದ ಡಬ್ಬಿಯಲ್ಲಿ ಹಾಕಿ ಕುಲುಕಿ ಎತ್ತಿದ್ದರು.

“ನನಗ ಆಯಿ ಬಂದಾಳ” ಎಂದಳು ಮಗಳು.

“ಆಯಿ ಬಂದಾಳ ಅಂದ್ರ?”

“ಆಯಿಗೆ ಆರಾಮ ಇಲ್ಲ, ದವಾಖಾನ್ಯಾಗ ಅದಾಳ ಅಂತ.”

ಅವ್ವ ಕೈ ನಿಲ್ಲಿಸಲಿಲ್ಲ. “ಯಾವ ರೋಗ ಹಚ್ಚೀಯವ್ವಾ ನನಗ?”

“ಅದನ್ನ ಬರದಿಲ್ಲ. ನೀನಽ ಹೇಳು.”

“ಸಣ್ಣದು ಬರಿ. ಶನಿವಾರ ಸಂತಿಗೆ ಹೋಗೂದೈತಿ ನಾನು.”

“ಇನ್ನೊಬ್ಬಾಕಿ ಅಜ್ಜಿ ಸತ್ತಽ ಹೋಗ್ಯಾಳ, ಆಯಿ. ನಿಂದು ಬರೇ ದವಾಖಾನಿ.”

“ಹಂಗಾರ ನನ್ನ ನಸೀಬ ಚೊಲೋ ಐತಿ ಬಿಡು.”

ಇಬ್ಬರೂ ನಕ್ಕರು. ನಾನು ನಕ್ಕೆನೋ ಇಲ್ಲವೋ. ಕಾರ್ಖಾನೆಯಲ್ಲಿ ತಿಂಗಳ ಕೊನೆ ಎಂದರೆ ಇಡೀ ದಿನ ನಿಂತ ಕಾಲಲ್ಲೇ ಕೆಲಸ. ಆ ಹೊತ್ತಿಗೆ ಇಲ್ಲ ಎನ್ನಲೂ ದಣಿವು, ಹೂಂ ಎನ್ನಲೂ ದಣಿವು. ಬೇಡ ಎನ್ನಲು ನನ್ನ ಹತ್ತಿರ ಕಾರಣಗಳಿದ್ದವು: ಹೊಳೆ, ರೈಲು, ಸುಳ್ಳು ಚೀಟಿ. ಆಗ ಅವಳು ಇನ್ನೊಂದು ಮಾತು ಹೇಳಿದಳು.

“ಇಪ್ಪತ್ತೊಂದು ಚೀಟಿ ಹರದಿದ್ರು, ಅಪ್ಪಾ. ನನ್ನೂ ಹಿಡದು.”

ಆ ಮಾತಿನ ತೂಕ ಹೊರಗಿನವರಿಗೆ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಮ್ಮೂರು ಬೆಳಗಾವಿ ಪಕ್ಕದ ಕಾಕತಿಯ ಬಳಿಯಾದರೂ ಮಗಳು ಹುಟ್ಟಿ ಬೆಳೆದದ್ದು ಗದಗದಲ್ಲಿ, ನನ್ನ ಹಳೆಯ ನೌಕರಿಯ ಊರಲ್ಲಿ. ಬೆಳಗಾವಿಗೆ ಬಂದದ್ದು ಹಿಂದಿನ ಜೂನ್‌ನಲ್ಲಿ. ಅವ್ವನಿಗೆ ಮರಾಠಿ ಕನ್ನಡದಷ್ಟೇ ಸಲೀಸು, ನನಗೆ ಅರ್ಧಂಬರ್ಧ, ಮಗಳಿಗೆ ಒಂದಕ್ಷರ ಬರದು. ಪಾಠ ನಡೆಯುವಾಗ ತೊಂದರೆಯಿಲ್ಲ. ಊಟದ ಬಿಡುವಿನಲ್ಲಿ ಮಕ್ಕಳು ಮರಾಠಿಗೆ ಇಳಿದರೆ ಅವಳು ನಗು ಮುಗಿದ ಮೇಲೆ ನಗಬೇಕಾಗುತ್ತಿತ್ತು. ಯಾರೂ ಅವಳನ್ನು ದೂರ ಇಟ್ಟಿರಲಿಲ್ಲ. ಹತ್ತಿರ ಕರೆಯಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ ಅಷ್ಟೇ. ಎಂಟು ತಿಂಗಳು ಅವಳು ಡಬ್ಬಿಯನ್ನು ಡೆಸ್ಕಿನಲ್ಲೇ ಒಬ್ಬಳೇ ಖಾಲಿ ಮಾಡಿ ಬರುತ್ತಿದ್ದಳು. ಇದನ್ನು ಅವಳು ನನಗೆ ಹೇಳಿರಲಿಲ್ಲ. ಆಯಿಗೆ ಹೇಳಿದ್ದಳು.

ಹೆಂಡತಿ ನೆಹರು ನಗರದ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಮನೆಗೆ ಬಂದವಳು ಎಲ್ಲ ಕೇಳಿ, “ನೀವಽ ನೋಡ್ರಿ” ಎಂದಳು. ನಾನು ನೋಡಿದೆ. ಇಂಗ್ಲಿಷಿನಲ್ಲಿ ಮೂರು ಸಾಲು ಬರೆದು ನನ್ನ ತಾಯಿಯನ್ನು ಆಸ್ಪತ್ರೆಗೆ ಸೇರಿಸಿ ಸಹಿ ಹಾಕಿದೆ. ಸಹಿ ನನ್ನದು, ಅದರಲ್ಲಿ ಅನುಮಾನವಿಲ್ಲ.

ಬುಧವಾರ ಬೆಳಗ್ಗೆ ಅವಳನ್ನು ಬೈಕಿನಲ್ಲಿ ಸ್ಟೇಷನ್ನಿಗೆ ಬಿಟ್ಟೆ.

“ಇಲ್ಲೇ ನಿಲ್ಲಸು. ಒಳಗ ಬರಬ್ಯಾಡ.”

“ಯಾಕ?”

“ಯಾರ ಅಪ್ಪಾನೂ ಬಂದಿಲ್ಲ ನೋಡು.”

ಮಕ್ಕಳ ಗುಂಪು ಬಾಗಿಲ ಹತ್ತಿರ ಇತ್ತು. ಅವಳು ಹೋಗಿ ಅದರ ಅಂಚಿಗೆ, ಒಂದು ತೋಳಿನಷ್ಟು ದೂರದಲ್ಲಿ ನಿಂತಳು. ಯಾರೋ ತಿರುಗಿ ಏನೋ ಕೇಳಿದರು. ಅವಳು ತಲೆಯಾಡಿಸಿದಳು. ಆಮೇಲೆ ಎಲ್ಲರೂ ಒಳಗೆ ಹೋದರು. ನಾನು ಮನೆಗೆ ಬಂದು ಡಬ್ಬಿ ಕಟ್ಟಿಸಿಕೊಂಡು ಕೆಲಸಕ್ಕೆ ಹೊರಟೆ. ತಡವಾಗಿತ್ತು.

ಉದ್ಯಮಬಾಗ ಇರುವುದು ಖಾನಾಪುರದ ರಸ್ತೆಯಲ್ಲೇ. ಕಾರ್ಖಾನೆಯ ತಿರುವು ಹತ್ತಿರ ಬಂದಾಗ ಅವ್ವನ ಫೋನು ಬಂತು. ಶಾಲೆಯ ಡೈರಿಯಲ್ಲಿ ಮನೆಯ ನಂಬರು ಎಂದು ನಾನು ಅವ್ವನ ಮೊಬೈಲ್ ನಂಬರನ್ನೇ ಬರೆದಿದ್ದೆ. ಹಗಲು ಮನೆಯಲ್ಲಿ ಇರುವವಳು ಅವಳೊಬ್ಬಳೇ ಅಲ್ಲವೇ.

“ಸಾಲಿ ಟೀಚರ್ ಫೋನ್ ಮಾಡಿದ್ರೋ” ಎಂದಳು. “ಅಜ್ಜಿ ತಬ್ಬೇತ ಹೆಂಗೈತ್ರಿ ಅಂತ ಕೇಳಿದ್ರು.”

“ನೀ ಏನಂದಿ?”

“ನಾನಽ ಮಾತಾಡೂದ್ರಿ, ಈಗ ಸ್ವಲ್ಪ ಆರಾಮ ಐತ್ರಿ ಅಂದೆ. ಸಾವಕಾಶ ಮಾತಾಡಿದೆ, ದವಾಖಾನ್ಯಾಗ ಇದ್ದಂಗ.”

“ಅವ್ವಾ!”

“ಆಕಿ ನಕ್ಕಳೋ. ಇವತ್ತ ಭಾಳ ಮಂದಿ ಅಜ್ಜಿಗೋಳಿಗೆ ಆರಾಮ ಇಲ್ರಿ ಅಂದ್ಲು. ಆಮ್ಯಾಲ, ಹುಡುಗೂರ್ಗೆ ಯಾರರ ಫೋನ್ ಹತ್ತಿದ್ರ ಆಳ ನೀರಿಗೆ ಇಳಿಬ್ಯಾಡ್ರಿ ಅಂತ ಹೇಳ್ರಿ ಅಂದು ಇಟ್ಟಬಿಟ್ಲು.”

ಅಂದರೆ ಟೀಚರಿಗೂ ಗೊತ್ತಿತ್ತು. ಗೊತ್ತಿದ್ದೂ ಹಾಜರಿ ಪುಸ್ತಕ ಮುಚ್ಚಿ ಸುಮ್ಮನಾಗಿದ್ದಳು. ಅದರಿಂದ ನನಗೆ ನೆಮ್ಮದಿ ಆಗಬೇಕಿತ್ತು. ಆಗಲಿಲ್ಲ. ಆಳ ನೀರು ಎಂಬ ಮಾತು ತಲೆಯಲ್ಲಿ ಕೂತಿತು, ಅಥವಾ ಅದನ್ನು ನೆಪ ಮಾಡಿಕೊಂಡೆ. ನಿಜವಾಗಿ ನನ್ನನ್ನು ಕೊರೆಯುತ್ತಿದ್ದದ್ದು ಆ ಒಂದು ತೋಳಿನಷ್ಟು ದೂರ. ತಿರುವಿನಲ್ಲಿ ತಿರುಗದೆ ಬೈಕು ನೇರ ಹೋಯಿತು.

ಖಾನಾಪುರದ ಸೇತುವೆಯ ಒಂದು ತುದಿಯಲ್ಲಿ ನಿಂತೆ. ಮಲಪ್ರಭೆ ಆಗ ಮೊಣಕಾಲುದ್ದ ಹರಿಯುತ್ತಿತ್ತು. ಆಳದ ಮಾತೇ ಇರಲಿಲ್ಲ. ಮಕ್ಕಳು ನೀರಿನಲ್ಲಿದ್ದರು, ಪ್ಯಾಂಟು ಮಡಚಿಕೊಂಡು, ಒಬ್ಬರಿಗೊಬ್ಬರು ಎರಚುತ್ತ, ಮರಾಠಿಯಲ್ಲಿ ಕೂಗುತ್ತ. ಮಗಳು ಘಾಟಿನ ಮೆಟ್ಟಿಲ ಮೇಲೆ ಬ್ಯಾಗುಗಳ ನಡುವೆ ಕೂತಿದ್ದಳು. ಅವಳ ಆಚೆ ಬದಿಗೆ ಘಾಟಿನ ಗೋಡೆ ಅಡ್ಡ ಬಂದಿತ್ತು, ಈಚೆ ಬದಿಗೆ ಬರೀ ಬ್ಯಾಗು, ಚಪ್ಪಲಿ. ಅವಳ ಎಡಗೈ ಬಿಸಿಲಿಗೆ ಹೊಳೆಯುತ್ತಿತ್ತು, ಮಣಿಕಟ್ಟಿನಿಂದ ಮೊಣಕೈವರೆಗೆ. ಏನೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ನೀರಿಗೆ ಇಳಿದವರೆಲ್ಲ ತಮ್ಮ ವಾಚುಗಳನ್ನು ಅವಳಿಗೆ ಕೊಟ್ಟು ಹೋಗಿದ್ದರು. ಅವಳು ಅವನ್ನು ಸಾಲಾಗಿ ಕೈಗೆ ಕಟ್ಟಿಕೊಂಡಿದ್ದಳು.

ಇದಕ್ಕಾಗಿಯೇ ಇಪ್ಪತ್ತೊಂದನೇ ಚೀಟಿ ಹರಿದರೇ ಎಂದುಕೊಂಡೆ. ಸಾಮಾನು ಕಾಯಲು ಒಬ್ಬರು ಬೇಕಲ್ಲ.

ಮೇಲಿನ ಸಾಹೇಬರಿಗೆ ಮೆಸೇಜು ಕಳಿಸುವುದು ಬಾಕಿ ಇತ್ತು. ಅಲ್ಲೇ ಕಟ್ಟೆಗೆ ಒರಗಿ, ಅರ್ಧ ದಿನ ರಜೆ ಬೇಕು ಎಂದು ಬರೆದೆ. ಕಾರಣ ಏನು ಹಾಕಬೇಕು ಎಂದು ತೋಚಲಿಲ್ಲ. ತಾಯಿಗೆ ಆರಾಮಿಲ್ಲ ಎಂದು ಹಾಕಿದೆ. “ಕಾಳಜಿ ತಗೋರಿ” ಎಂದು ಉತ್ತರ ಬಂತು. ಒಂದೇ ದಿನದಲ್ಲಿ ಅವ್ವ ಎರಡು ಸಲ ಹಾಸಿಗೆ ಹಿಡಿದಳು. ಫೋನು ಜೇಬಿಗೆ ಹಾಕಿಕೊಂಡು ಇನ್ನೊಮ್ಮೆ ಕೆಳಗೆ ನೋಡಿದೆ. ಅವಳು ಹಾಗೇ ಕೂತಿದ್ದಳು. ಇಳಿದು ಹೋಗಿ ಏನು ಹೇಳುವುದು? ಯಾರ ಅಪ್ಪನೂ ಬಂದಿರಲಿಲ್ಲ. ಬೈಕು ತಿರುಗಿಸಿದೆ. ಅಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಕಾಲು ಗಂಟೆ ಎಂದು ನನಗನಿಸುತ್ತದೆ. ನಾಲ್ಕು ನಿಮಿಷವೂ ಇರಬಹುದು.

ಸಂಜೆ ಅವಳು ಮೂಗು ಕೆಂಪಗೆ ಮಾಡಿಕೊಂಡು ಬಂದಳು.

“ಹೆಂಗಾತು?”

“ಚೊಲೋ ಆತು.”

“ನೀರಿಗೆ ಇಳದ್ರೇನು?”

“ಎಲ್ಲಾರೂ ಇಳದ್ರು.”

“ನೀ?”

“ನಾ ಆಮ್ಯಾಲ ಇಳದೆ. ಮೊದಲ ಕೂತಿದ್ದೆ.”

“ಒಬ್ಬಾಕೀನಽ?”

ಅವಳು ನೀರಿನ ಲೋಟ ಕೆಳಗಿಟ್ಟು ನನ್ನನ್ನು ನೋಡಿದಳು. “ಯಾಕ ಕೇಳತಿ?”

ಮುಂದೆ ಕೇಳಿದರೆ ನಾನು ಬಂದಿದ್ದೆ ಎಂದು ಹೇಳಬೇಕಾಗುತ್ತಿತ್ತು. “ಸುಮ್ನ” ಎಂದೆ. ಅವ್ವ ಒಳಗಿನಿಂದ, “ಆಕಿನ್ನ ಉಣ್ಣಾಕರ ಬಿಡೋ. ನೀ ಏನು ಪೊಲೀಸ್ ಆಗೀಯೇನು?” ಎಂದಳು.

ಆಮೇಲಿನ ವಾರಗಳಲ್ಲಿ ಅವಳಲ್ಲಿ ದೊಡ್ಡ ಬದಲಾವಣೆಯೇನೂ ಕಾಣಲಿಲ್ಲ. ಕಾಣಬೇಕು ಎಂದು ನಾನು ಕಾದಿದ್ದೆ. ಡಬ್ಬಿ ಖಾಲಿಯಾಗಿಯೇ ಬರುತ್ತಿತ್ತು, ಮೊದಲೂ ಹಾಗೇ ಬರುತ್ತಿತ್ತು. ಮಾಲಿನ ಕಾಗದ ಬರೆಯುತ್ತ ಕೂತಾಗ ಆ ಮೆಟ್ಟಿಲು ಕಣ್ಣ ಮುಂದೆ ಬರುತ್ತಿತ್ತು. ಅವಳು ಒಂಟಿಯಾಗಬಾರದು ಎಂದು ನಾನು ಸುಳ್ಳು ಬರೆದೆ, ಟೀಚರು ಗೊತ್ತಿದ್ದೂ ಬಿಟ್ಟಳು, ಅವ್ವ ರೋಗಿಯಾದಳು. ಇಷ್ಟೆಲ್ಲ ಆಗಿ ಅವಳು ಹೋಗಿ ಬ್ಯಾಗು ಕಾದಳು. ಬರಬರುತ್ತ ಆ ಚಿತ್ರದ ಮೇಲೂ ನಂಬಿಕೆ ಹೋಯಿತು. ಅಷ್ಟು ದೂರದಿಂದ ವಾಚುಗಳು ಕಾಣುವುದುಂಟೇ? ಬರೀ ಬಳೆ ಇದ್ದಿರಬಹುದು. ಬಳೆ ಹಾಕುವವಳೇ ಅಲ್ಲ ಅವಳು. ಕೂತವಳು ಅವಳೇ ಆಗಿದ್ದಳೇ? ಹೀಗೆ ಯೋಚಿಸಿ ಯೋಚಿಸಿ ಸಾಕಾಗಿ ಹೋಗಿತ್ತು, ಆದರೂ ಬಿಡಲಾಗುತ್ತಿರಲಿಲ್ಲ.

ಏಪ್ರಿಲ್‌ನಲ್ಲಿ, ಪರೀಕ್ಷೆ ಮುಗಿದ ಮೇಲೆ, ಒಬ್ಬ ತಾಯಿ ಪಾಲಕರ ವಾಟ್ಸಾಪ್ ಗುಂಪಿನಲ್ಲಿ ಆ ದಿನದ ಫೋಟೋಗಳನ್ನು ಹಾಕಿದರು. ಇನ್ನು ಬೈಯುವವರು ಯಾರೂ ಇಲ್ಲ ಎಂದು ನಗುವ ಮುಖ ಸೇರಿಸಿದ್ದರು. ನಾನು ಒಂದೊಂದಾಗಿ ಸರಿಸುತ್ತ ಹೋದೆ. ಒಂದರಲ್ಲಿ ಮಗಳು ಇದ್ದಳು. ಅದೇ ಮೆಟ್ಟಿಲು, ಅದೇ ಬ್ಯಾಗುಗಳು. ಕೈಮೇಲೆ ಒಂಬತ್ತು ವಾಚು. ಅಂದರೆ ಆ ಚಿತ್ರ ನಾನು ಕಲ್ಪಿಸಿಕೊಂಡದ್ದಲ್ಲ.

ಫೋಟೋ ತೆಗೆದದ್ದು ನೀರಿನ ಕಡೆಯಿಂದ. ಅಲ್ಲಿಂದ ಗೋಡೆಯ ಮರೆ ಇಲ್ಲ. ಅವಳ ಆಚೆ ಬದಿಗೆ, ಅದೇ ಮೆಟ್ಟಿಲ ಮೇಲೆ, ತೊಡೆಗೆ ತೊಡೆ ತಾಗಿಸಿ ಇನ್ನೊಬ್ಬ ಹುಡುಗಿ ಕೂತಿದ್ದಾಳೆ. ಬಗ್ಗಿ, ಹತ್ತನೆಯ ವಾಚಿನ ಪಟ್ಟಿಯನ್ನು ಮೊಣಕೈಯ ಮೇಲೆ ಬಿಗಿಯುತ್ತಿದ್ದಾಳೆ. ಮಗಳು ತಲೆ ಹಿಂದಕ್ಕೆ ಚೆಲ್ಲಿ ನಗುತ್ತಿದ್ದಾಳೆ.

ನಾನು ಹೋದ ಮೇಲೆ ಆ ಹುಡುಗಿ ಬಂದು ಕೂತಿರಬಹುದಲ್ಲ ಎಂದು ಕೂಡಲೇ ಅನುಮಾನ ಬಂತು. ಫೋಟೋ ದೊಡ್ಡದು ಮಾಡಿದೆ. ಒಂದು ಬಿಳಿ ಮುಖದ ವಾಚಿನಲ್ಲಿ ಮುಳ್ಳುಗಳು ಸ್ಪಷ್ಟವಾಗಿದ್ದವು: ಹನ್ನೊಂದು ನಲವತ್ತು. ಪಕ್ಕದ ಅಂಕಿ ವಾಚಿನಲ್ಲಿ ಹನ್ನೊಂದು ನಲವತ್ತೆರಡು. ಆಮೇಲೆ ಸಾಹೇಬರಿಗೆ ಸೇತುವೆಯ ಮೇಲಿನಿಂದ ಕಳಿಸಿದ ಮೆಸೇಜು ಹುಡುಕಿ ತೆಗೆದೆ. ತಾಯಿಗೆ ಆರಾಮಿಲ್ಲ, ಅರ್ಧ ದಿನ ರಜೆ ಬೇಕು. ಅದರ ಕೆಳಗಿದ್ದ ಸಮಯ ಹನ್ನೊಂದು ನಲವತ್ತೊಂದು.