ಬಾಗಿಲ ಫೋಟೋ ವಾಪಸ್ ಬರುತ್ತಾ?

ನಮ್ಮದು ದೋಸೆ ಹಿಟ್ಟಿನ ವ್ಯಾಪಾರ. ಯಲಹಂಕ ಹಳೇ ಊರಲ್ಲಿ ಮನೆ, ಮನೆ ಹಿಂದೆ ಶೆಡ್ಡು, ಶೆಡ್ಡಲ್ಲಿ ರುಬ್ಬೋ ಮಿಷಿನ್ನುಗಳು. ಆರ್.ಟಿ. ನಗರದ ಅಂಗಡಿಗಳಿಗೆ, ಹೆಬ್ಬಾಳದ ಅಪಾರ್ಟ್‌ಮೆಂಟುಗಳಿಗೆ, ರಾಜಾನುಕುಂಟೆ ಕಡೆ ಹೊಸ ಲೇಔಟುಗಳಿಗೆ ಬೆಳಗಿನ ಜಾವ ಹಿಟ್ಟು ಹೋಗುತ್ತೆ. ಶುರು ಮಾಡಿದ್ದು ನಾನು, ಒರಳು ಕಲ್ಲಲ್ಲಿ. ಗಂಡ ಇದ್ದಾಗ ಅವರು ಸೈಕಲ್ಲಲ್ಲಿ ಕೊಟ್ಟು ಬರ್ತಿದ್ದರು. ಈಗ ಮಗ ಮಿಷಿನ್ ನೋಡ್ಕೊಳ್ತಾನೆ. ಮಿಷಿನ್ ಸದ್ದಲ್ಲಿ ಅವನಿಗೆ ಹೆಂಡತಿ ಮಾತೂ ಕೇಳಲ್ಲ, ನನ್ನ ಮಾತೂ ಕೇಳಲ್ಲ. ಅದಕ್ಕೇ ಸುಖವಾಗಿದಾನೆ. ಸೊಸೆ ಆಫೀಸು ನೋಡ್ಕೊಳ್ತಾಳೆ. ಆಫೀಸು ಅಂದರೆ ನಮ್ಮ ನಡುಮನೆ.

ನನಗೆ ಓದು ಕಮ್ಮಿ. ಕನ್ನಡ ಅಕ್ಷರ ಕೂಡಿಸಿಕೊಂಡು ಓದ್ತೀನಿ, ಬರೀತೀನಿ. ಇಂಗ್ಲಿಷ್ ಬರಲ್ಲ. ಹಿಟ್ಟು ಹಾಕೋರಿಗೆಲ್ಲ ವ್ಯಾಪಾರದ ಲೆಕ್ಕದಲ್ಲಿ ಫೋನು ಕೊಡಿಸಿದಾಗ ನಾನೇ ಒಂದು ಪದ್ಧತಿ ಮಾಡಿದೆ. ಹೊಸ ಗಿರಾಕಿ ಬಂದರೆ ಅವರ ಬಾಗಿಲ ಫೋಟೋ ತೆಗೀಬೇಕು, ಕೆಳಗೆ ಬಾಯಲ್ಲಿ ಹೇಳಿ ಕಳಿಸಬೇಕು. "ನೀಲಿ ಗೇಟು, ನಾಯಿ ಬಿಚ್ಚಿರ್ತಾರೆ, ಹಿಟ್ಟು ಕಿಟಕೀಲಿಡಿ, ಸೋಮವಾರ ಬೇಡ." ಅಷ್ಟೇ. ಅದು ನನ್ನ ಫೋನಿಗೆ ಬರುತ್ತೆ. ಬೆಳಗ್ಗೆ ಯಾರಾದರೂ ರಜ ಹಾಕಿದರೆ ನಾನು ಬಾಗಿಲು ನೋಡಿ, ದನಿ ಕೇಳಿ, ಇದನ್ನ ಇವನಿಗೆ, ಅದನ್ನ ಅವಳಿಗೆ ಅಂತ ಹಂಚ್ತಿದ್ದೆ. ಗಿರಾಕಿ ಹೆಸರು ಕಟ್ಕೊಂಡು ನನಗೇನಾಗಬೇಕು? ಬಾಡಿಗೆಯವರು ಬರ್ತಾರೆ, ಹೋಗ್ತಾರೆ. ಬಾಗಿಲು ಅಲ್ಲೇ ಇರುತ್ತೆ.

ತಾಪತ್ರಯ ಶುರುವಾಗಿದ್ದು ಹಿಟ್ಟು ಹಾಕೋನೊಬ್ಬ ಫೋನಿನ ಸಮೇತ ಇನ್ನೊಂದು ಹಿಟ್ಟಿನ ಕಂಪನಿ ಸೇರಿಕೊಂಡಾಗ. ಅವನ ಕಡೆಯ ಬಾಗಿಲುಗಳೆಲ್ಲ ಆ ಕಂಪನಿ ಕೈಗೆ ಹೋದವು. ಸೊಸೆ ಅಂದಳು, "ಅತ್ತೆ, ಇದಕ್ಕೆ ಸಾಫ್ಟ್‌ವೇರ್ ಇದೆ. ಎಲ್ಲಾ ಫೋನೂ ಒಂದೇ ಕಡೆಯಿಂದ ಹಿಡಿತದಲ್ಲಿ ಇಟ್ಕೋಬಹುದು. ಯಾರಾದ್ರೂ ತಗೊಂಡು ಹೋದ್ರೆ ಇಲ್ಲಿಂದಲೇ ಖಾಲಿ ಮಾಡಬಹುದು. ಕ್ಲೌಡಲ್ಲಿರುತ್ತೆ."

"ಅಂದ್ರೆ?"

"ಎಲ್ಲೋ ಒಂದು ದೊಡ್ಡ ಕಂಪ್ಯೂಟರ್. ಇಂಟರ್ನೆಟ್ ಮೂಲಕ ನಮ್ಮ ಫೋನು ಕಾಯುತ್ತೆ."

"ನಮ್ಮನೆ ಬೀಗದ ಕೈ ಗುರುತಿಲ್ಲದೋರ ಮನೇಲಿ ಇಟ್ಟಂಗೆ."

"ಹಂಗೇ ಅಂದ್ಕೊಳ್ಳಿ," ಅಂದಳು. ಅವಳಿಗೆ ನನ್ನ ಜೊತೆ ವಾದ ಮಾಡೋಕೆ ಪುರುಸೊತ್ತಿರಲಿಲ್ಲ.

ಮೂರು ಕಡೆಯವರನ್ನ ಕರೆದಳು. ಮೊದಲನೆಯವನು ಇಸ್ತ್ರಿ ಶರಟು ಹಾಕಿಕೊಂಡು ಬಂದು ಗೋಡೆ ಮೇಲೆ ಬೆಳಕು ಬಿಟ್ಟು ಸಿನಿಮಾ ತೋರಿಸಿದ. ಕ್ಯಾಲೆಂಡರ್ ಇಳಿಸಿ ಅಂದ, ಇಳಿಸಿದೆವು. ಡ್ಯಾಶ್‌ಬೋರ್ಡು, ಡ್ಯಾಶ್‌ಬೋರ್ಡು ಅಂತಿದ್ದ. ನಮ್ಮ ಟೆಂಪೋ ಡ್ರೈವರ್ ಬಾಗಿಲಲ್ಲಿ ನಿಂತು, "ನನ್ನ ಗಾಡೀಲೂ ಐತೆ ಸಾರ್, ಗಣೇಶನ್ನ ಕೂರಿಸಿದೀನಿ," ಅಂದ. ಇಸ್ತ್ರಿ ಶರಟಿನವನು ನಗಲಿಲ್ಲ. ಎರಡನೆಯವನು ಬರಲೇ ಇಲ್ಲ, ಲ್ಯಾಪ್‌ಟಾಪಿನ ಒಂದು ಚೌಕದಲ್ಲಿ ಅವನ ಮುಖ ಮಾತ್ರ ಬಂತು. ಏನು ಕೇಳಿದರೂ "ಸಾಧ್ಯ ಇದೆ ಮೇಡಂ" ಅಂದ. ಹಿಟ್ಟು ಹುಳಿ ಬರೋದನ್ನ ನಿಲ್ಲಿಸುತ್ತಾ ಅಂತ ಕೇಳಿದ್ದರೂ ಸಾಧ್ಯ ಇದೆ ಅಂತಿದ್ದ. ಮೂರನೆಯವಳು ಯಶವಂತಪುರದ ಒಂದು ಸಣ್ಣ ಆಫೀಸಿನ ಹೆಂಗಸು. ಸ್ಕೂಟರಲ್ಲಿ ತಡವಾಗಿ ಬಂದು, ಬೆವರು ಒರೆಸ್ಕೊಂಡು ನೀರು ಕೇಳಿದಳು. ಅವಳ ಪರದೆ ನೋಡೋಕೆ ರೇಷನ್ ಅಂಗಡಿ ಬೋರ್ಡಿನ ಹಾಗಿತ್ತು. ಸೊಸೆಗೆ ಹಿಡಿಸಲಿಲ್ಲ.

ಮೊದಲನೆಯವನನ್ನೇ ಪರೀಕ್ಷೆಗೆ ಇಟ್ಕೊಂಡೆವು. ಒಂದು ತಿಂಗಳು ನೋಡಿ, ಆಮೇಲೆ ಸಹಿ. ವ್ಯಾಪಾರ ನನ್ನ ಹೆಸರಲ್ಲಿದೆ, ಸಹಿ ನನ್ನದೇ ಬೀಳಬೇಕು. ಅವನು ಫೋನುಗಳಿಗೆಲ್ಲ ಏನೇನೋ ಹಾಕಿದ. ಕಳ್ಳತನಕ್ಕೆ ಅಂತ ಒಂದು ನಿಯಮ ಇಟ್ಟ: ಯಾವ ಫೋನಾದರೂ ಒಂದು ಪೂರ್ತಿ ದಿನ ಸುದ್ದಿಯಿಲ್ಲದೆ ಇದ್ದರೆ ಅದು ಕಳುವಾದ ಲೆಕ್ಕ, ತಾನೇ ಖಾಲಿಯಾಗುತ್ತೆ.

"ನಿಮ್ಮ ಫೋನುಗಳು ಇಡೀ ದಿನ ಆಫ್ ಆಗಿರೋದು ಯಾವಾಗಾದರೂ ಉಂಟಾ?" ಅಂತ ಕೇಳಿದ.

"ಇಲ್ಲ," ಅಂದಳು ಸೊಸೆ.

"ಯುಗಾದಿಗೂ ಹಾಕ್ತೀವಿ, ಬಂದ್ ಆದ್ರೂ ಹಾಕ್ತೀವಿ," ಅಂದೆ ನಾನು.

ಆಮೇಲೆ ಆಯುಧಪೂಜೆ ಬಂತು.

ಇದನ್ನ ನೀವು ಮರೆತಿದ್ದಿರಿ ಅಂತ ಯಾರಾದರೂ ಅಂದರೆ ನಾನು ಒಪ್ಪಲ್ಲ. ಆಯುಧಪೂಜೆ ನಮಗೆ ಯಾವತ್ತೂ ರಜ ಅಂತ ಅನಿಸಿಯೇ ಇಲ್ಲ. ಮಿಷಿನ್ ಬಿಚ್ಚಿ ತೊಳೀಬೇಕು, ಟೆಂಪೋ ತೊಳೀಬೇಕು, ಬೂದುಗುಂಬಳಕಾಯಿ ಒಡೀಬೇಕು, ಎಲ್ಲರಿಗೂ ಊಟ ಹಾಕಬೇಕು. ಬೆನ್ನು ಬಿದ್ದುಹೋಗೋ ಅಷ್ಟು ಕೆಲಸ. ಆದರೆ ಪೂಜೆಗಿಟ್ಟ ಆಯುಧ ಮುಟ್ಟೋ ಹಾಗಿಲ್ಲ. ಮಾರನೇ ದಿನ ಸಾಯಂಕಾಲ ಮರುಪೂಜೆ ಮಾಡಿ, ಕದಲಿಸಿ, ಆಮೇಲೆ ತಗೋಬೇಕು. ಫೋನುಗಳು ಬಂದ ವರ್ಷದಿಂದ ಅವನ್ನೂ ಇಡ್ತಿದೀವಿ. ಆರಿಸಿ, ಒರೆಸಿ, ಬಾಳೆ ಎಲೆ ಮೇಲೆ ಸಾಲಾಗಿಟ್ಟು ಒಂದೊಂದಕ್ಕೂ ಅರಿಶಿನ ಕುಂಕುಮ, ಒಂದೊಂದು ಸೇವಂತಿಗೆ. ನನ್ನ ಫೋನು ಮೊದಲು. ಸೊಸೆ ತನ್ನದನ್ನ ಇಡಲಿಲ್ಲ. "ನಂದು ಪರ್ಸನಲ್ ಅತ್ತೆ," ಅಂದಳು.

ವಿಜಯದಶಮಿ ಸಂಜೆ ಕಾಯಿ ಒಡೆದು, ಮಂಗಳಾರತಿ ಮಾಡಿ, ಟೆಂಪೋ ಡ್ರೈವರ್ ತನ್ನ ಫೋನು ಎತ್ತಿ ಹಚ್ಚಿದ. ಅವನ ಮುಖ ನೋಡಿದರೇ ಗೊತ್ತಾಯಿತು.

"ಅಮ್ಮಾ, ಇದು ನಾನ್ಯಾರು ಅಂತ ನನ್ನೇ ಕೇಳ್ತೈತೆ."

ಅಂಗಡಿಯಿಂದ ಈಗ ತಾನೇ ತಂದ ಫೋನಿನ ಹಾಗೆ, ಭಾಷೆ ಆರಿಸಿ ಅಂತ ಬರ್ತಿತ್ತು. ಒಬ್ಬೊಬ್ಬರೇ ಹಚ್ಚಿದರು. ಎಲ್ಲಾ ಅದೇ ಕಥೆ. ನಂದೂ ಅಷ್ಟೇ. ಕುಂಕುಮ ಇನ್ನೂ ಹಣೇಲಿತ್ತು, ಒಳಗೆ ಏನೂ ಇರಲಿಲ್ಲ.

"ಪೂಜೆ ಜಾಸ್ತಿ ಆಯ್ತಮ್ಮ. ಫೋನುಗಳು ಸನ್ಯಾಸ ತಗೊಂಡವೆ," ಅಂದ ಡ್ರೈವರ್.

"ಬಾಯ್ ಮುಚ್ಕೊಂಡು ಕೋಸಂಬರಿ ತಿನ್ನು," ಅಂದೆ.

ಸೊಸೆ ಆ ಕಂಪನಿಗೆ ಫೋನ್ ಹಚ್ಚಿದಳು. ಹಬ್ಬದ ದಿನ, ಎತ್ತೋರಿಲ್ಲ, ಸಂಗೀತ ಕೇಳಿಸ್ತಾನೇ ಇತ್ತು. ಕೊನೆಗೆ ಯಾರೋ ಸಿಕ್ಕರು. ಅವರು ಹೇಳಿದ ಹಾಗೆ ಇವಳು ಒತ್ತಿದಳು, ದೀಪ ಹಚ್ಚೋ ಹೊತ್ತು ಮೀರೋದರೊಳಗೆ ಎಲ್ಲಾ ಫೋನೂ ಸರಿಯಾದವು. ಅವಳ ಮುಖ ಅರಳಿತ್ತು.

"ನೋಡಿ ಅತ್ತೆ. ಎಲ್ಲಾ ವಾಪಸ್ ಬಂತು. ಇದಕ್ಕೇ ಕ್ಲೌಡ್ ಇರಬೇಕು ಅನ್ನೋದು."

ನನ್ನ ಫೋನು ಇಸ್ಕೊಂಡು ನೋಡಿದೆ. ಗಿರಾಕಿಗಳ ಹೆಸರು, ನಂಬರು, ವಿಳಾಸ, ಉದ್ದಕ್ಕೆ ಇತ್ತು. ಎಲ್ಲಾ ಇಂಗ್ಲಿಷಲ್ಲಿ. ಅದು ಸೊಸೆ ಕಂಪ್ಯೂಟರಿಗೆ ಹೊಡೆದಿಟ್ಟಿದ್ದು. ಬಾಗಿಲು ಒಂದೂ ಇರಲಿಲ್ಲ. ದನಿ ಒಂದೂ ಇರಲಿಲ್ಲ.

"ನಿನಗೆ ಬಂತು," ಅಂದೆ.

ಮಾರನೇ ದಿನ ಬೆಳಗಿನ ಜಾವ ಸೊಸೆಯೇ ಎದ್ದು ಕೂತು, ಪಟ್ಟಿ ನೋಡ್ಕೊಂಡು ಒಬ್ಬೊಬ್ಬರಿಗೇ ಫೋನ್ ಮಾಡಿ ಕಳಿಸಿದಳು. ಎಂದೂ ಆ ಹೊತ್ತಿಗೆ ನನ್ನ ಫೋನು ಬಾಯಿ ಮುಚ್ಚಿದ್ದಿಲ್ಲ. ಆವತ್ತು ಒಂದು ಸಲವೂ ಕೂಗಲಿಲ್ಲ. ಹಿಟ್ಟು ಹೋಯಿತು. ನನ್ನ ಹೊಟ್ಟೆ ಉರಿದದ್ದು ಅದಕ್ಕೇ. ಆರ್.ಟಿ. ನಗರದಲ್ಲಿ ಒಂದು ಕಡೆ ಹೊಸಬನೊಬ್ಬ ಹಿಟ್ಟನ್ನ ಗೇಟಿನ ಒಳಗೆ ಇಟ್ಟು ಬಂದ, ನಾಯಿ ಪ್ಯಾಕೆಟ್ ಹರಿದು ಮೂತಿಗೆಲ್ಲ ಬಳ್ಕೊಂಡು ಕೂತಿತ್ತಂತೆ. ಆ ಮನೆಯಾಕೆ ಬೈದಿದ್ದು ಕೇಳಿ ನನಗೆ ಒಳಗೊಳಗೇ ಸಮಾಧಾನ ಆಯಿತು. ಸುಳ್ಳು ಯಾಕೆ ಹೇಳಲಿ?

"ನಿಮಗೆ ಯಾಕೆ ಅತ್ತೆ ಇನ್ನೂ ಈ ತಲೆನೋವು? ನಾನಿದೀನಲ್ಲ," ಅಂದಳು ಸೊಸೆ. ಕೆಟ್ಟ ಮನಸ್ಸಿಂದ ಅಂದಿದ್ದಲ್ಲ, ಅದು ನನಗೆ ಗೊತ್ತು.

"ನೀನಿದೀಯ. ನಾನೇನು ಸತ್ತಿದೀನಾ?"

ಅವಳು ಆ ಕಂಪನಿಯ ಕಾಗದ ಮುಂದಿಟ್ಟಳು. ನಾನು ಸಹಿ ಹಾಕಲಿಲ್ಲ. ಆ ಸಹಿ ಬಿದ್ದರೆ ನಾಳೆಯಿಂದ ನಾನು ಮೂಲೇಲಿ ಕೂತು ಉದ್ದಿನಬೇಳೆಯಲ್ಲಿ ಕಲ್ಲು ಆರಿಸೋಳು. ನಾನು ಕಟ್ಟಿದ ವ್ಯಾಪಾರದಲ್ಲಿ ನನಗೆ ಗೊತ್ತಾಗೋ ಹಾಗೆ ಏನೂ ಉಳಿಯಲ್ಲ. ಅದಕ್ಕೆ ಮೂರೂ ಜನರನ್ನ ಮತ್ತೆ ಕರೆಸು ಅಂದೆ. ಅವಳು ಪಾತ್ರೆ ಕುಕ್ಕಿದಳು. ಕುಕ್ಕಲಿ.

ಅವರು ಬರೋದರೊಳಗೆ ಬಾಗಿಲುಗಳನ್ನ ಮತ್ತೆ ಮಾಡ್ಕೋಬೇಕಿತ್ತು. ದಿನಾ ಬೆಳಗ್ಗೆ ಟೆಂಪೋದಲ್ಲಿ ಡ್ರೈವರ್ ಪಕ್ಕ ಕೂತು ಹೋದೆ. ಮಂಡಿ ನೋವು, ಹೆಬ್ಬಾಳದ ಟ್ರಾಫಿಕ್ಕು, ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯವನು ಬೇರೆ. "ಫೋಟೋ ಯಾಕಜ್ಜಿ ತೆಗೀತಿದೀರ?" ಅಂತಾನೆ. "ಹಿಟ್ಟಿಗೆ ಕಣಪ್ಪ," ಅಂದರೆ ನಂಬಲ್ಲ. ಒಬ್ಬ ಗಂಡಸು ಲುಂಗಿಯಲ್ಲೇ ಹೊರಗೆ ಬಂದು, "ಸರ್ವೇನಾ? ಮನೇಲಿ ಯಾರೂ ಇಲ್ಲ," ಅಂದು ಬಾಗಿಲು ಹಾಕ್ಕೊಂಡ. ಎಷ್ಟೋ ಬಾಗಿಲಿಗೆ ಬಣ್ಣ ಬದಲಾಗಿತ್ತು. ನಾಯಿ ಇದ್ದ ಮನೇಲಿ ನಾಯಿ ಸತ್ತಿತ್ತು. ಎಲ್ಲಾ ಹೊಸದಾಗಿ ಹೇಳಿ ಹೇಳಿ ಗಂಟಲು ಒಣಗಿತು. ತೆಗೆದಿದ್ದೆಲ್ಲ ಡ್ರೈವರ್‌ನ ಸ್ವಂತ ಫೋನಿಗೆ ಒಂದು ಪ್ರತಿ ಕಳಿಸಿಟ್ಟೆ. ಒಂದು ಸಲ ಸುಟ್ಕೊಂಡ ಕೈ.

ಮೂವರಿಗೂ ನಾನು ಕೇಳಿದ್ದು ಒಂದೇ. "ಬಾಗಿಲ ಫೋಟೋ ವಾಪಸ್ ಬರುತ್ತಾ? ದನಿ ವಾಪಸ್ ಬರುತ್ತಾ? ಮಾತು ಬೇಡ. ನನ್ನ ಫೋನು ಇಲ್ಲೇ ಖಾಲಿ ಮಾಡಿ, ಇಲ್ಲೇ ತಂದುಕೊಡಿ."

ಇಸ್ತ್ರಿ ಶರಟಿನವನು ಫೋನ್ ಮುಟ್ಟಲಿಲ್ಲ. "ಫೋಟೋ ಎಲ್ಲಾ ಪರ್ಸನಲ್ ಡೇಟಾ ಮೇಡಂ. ಪಾಲಿಸಿ ಪ್ರಕಾರ ನಾವು ಅದನ್ನ ಇಟ್ಕೊಳ್ಳಲ್ಲ."

"ನನ್ನ ಮೊಮ್ಮಕ್ಕಳ ಫೋಟೋ ಅಲ್ಲಪ್ಪ ಅದು. ನನ್ನ ಗಿರಾಕಿ."

"ಪಾಲಿಸಿ ಮೇಡಂ," ಅಂದ. ಇನ್ನೊಂದು ಸಲ ಕೇಳಿದರೂ ಅದನ್ನೇ ಅಂದ. ಕಾಫಿ ಕುಡಿದು ಹೋದ.

ಚೌಕದೊಳಗಿನವನು ಸಾಧ್ಯ ಇದೆ ಅಂದ. ಖಾಲಿ ಮಾಡಿದ. ಫೋಟೋ ಬಂದವು, ದನಿ ಬರಲಿಲ್ಲ. "ದನಿ ಎಲ್ಲಿ?" ಅಂದೆ. "ಮುಂದಿನ ಅಪ್‌ಡೇಟಲ್ಲಿ ಸಾಧ್ಯ ಇದೆ ಮೇಡಂ," ಅಂದ. ಸೊಸೆಯೇ ಲ್ಯಾಪ್‌ಟಾಪ್ ಮುಚ್ಚಿದಳು.

ಯಶವಂತಪುರದವಳು ಮತ್ತೆ ತಡವಾಗಿ ಬಂದಳು. "ನೋಡಿ ಅಮ್ಮ, ಕಂಪನಿ ಫೋಲ್ಡರ್ ಒಳಗೆ ಇಟ್ಟಿದ್ದು ಮಾತ್ರ ಬರುತ್ತೆ. ಬೇರೆ ಕಡೆ ಇಟ್ಟಿದ್ದು ಬರಲ್ಲ. ನಿಧಾನ ಆಗುತ್ತೆ. ನೋಡೋಕೂ ಚೆನ್ನಾಗಿಲ್ಲ ಅಂತ ಎಲ್ಲರೂ ಬೈತಾರೆ," ಅಂದಳು. ಇದು ಆಗಲ್ಲ ಅಂತ ತಾನಾಗೇ ಮೊದಲೇ ಹೇಳಿದ್ದು ಇವಳೊಬ್ಬಳೇ. ನನ್ನ ಬಾಗಿಲುಗಳನ್ನೆಲ್ಲ ಆ ಫೋಲ್ಡರಿಗೆ ಹಾಕಿ ಖಾಲಿ ಮಾಡಿದಳು. ಮತ್ತೆ ಬರೋದಕ್ಕೆ ಹಿಟ್ಟು ಉಕ್ಕೋ ಅಷ್ಟು ಹೊತ್ತು ಹಿಡೀತು ಅನಿಸಿತು. ಸೊಸೆ ಗಡಿಯಾರ ನೋಡಿದಳು, ನನ್ನ ನೋಡಿದಳು. ಆಮೇಲೆ ಒಂದೊಂದೇ ಬಂತು. ನೀಲಿ ಗೇಟು. ಗ್ರಿಲ್ ಬಾಗಿಲು. ತುಳಸಿ ಕಟ್ಟೆ ಇರೋದು. ಒಂದನ್ನ ಒತ್ತಿದೆ. ನನ್ನದೇ ಒಡಕು ದನಿ, "ಇಲ್ಲಿ ನಾಯಿ ಸತ್ತೋಗೈತೆ, ಒಳಗೇ ಇಡ್ಬೌದು," ಅಂತು.

"ಇದೇ," ಅಂದೆ.

"ಇದು ತುಂಬಾ ಸ್ಲೋ ಅತ್ತೆ."

"ನಾನೂ ಅಂಗೇ."

ಆಯುಧಪೂಜೆ ಬಂದಾಗ ಖಾಲಿ ಮಾಡೋ ನಿಯಮ ಎರಡು ದಿನ ನಿಲ್ಲಿಸಬೇಕು ಅಂತ ಯಶವಂತಪುರದವಳಿಗೆ ಮೊದಲೇ ಹೇಳಿಬಿಟ್ಟೆ. ಅವಳು ನಕ್ಕಳು. ಅವರ ಆಫೀಸಲ್ಲೂ ಕಂಪ್ಯೂಟರಿಗೆ ಪೂಜೆ ಮಾಡ್ತಾರಂತೆ, ಆದರೆ ಆರಿಸಲ್ಲವಂತೆ.

ಆಮೇಲೆ ಕೇಳಿದಳು, "ಅಡ್ಮಿನ್ ಯಾರನ್ನ ಮಾಡ್ಲಿ? ಅಂದ್ರೆ ಎಲ್ಲಾ ಫೋನಿನ ಹಿಡಿತ ಯಾರ ಹತ್ರ?"

"ನನ್ನ ಹೆಸರು ಹಾಕಿ," ಅಂದಳು ಸೊಸೆ.

"ಇಬ್ಬರದೂ ಹಾಕು," ಅಂದೆ ನಾನು.

ಇಬ್ಬರದೂ ಹಾಕಬಹುದಂತೆ. ಅದಕ್ಕೆ ನನ್ನ ಹೆಸರಲ್ಲಿ ಈಮೇಲ್ ಬೇಕು. ಸೊಸೆ ಕೀಲಿಗಳನ್ನ ಕುಟ್ಟಿ ಕುಟ್ಟಿ ಒಂದು ಮಾಡಿಕೊಟ್ಟಳು. ಆಮೇಲೆ ಬೀಗ. ಇಂಗ್ಲಿಷಲ್ಲಿ ಗುಪ್ತ ಪದ ಹೊಡೀಬೇಕು, ಇಲ್ಲಾ ಬೆರಳು ಇಡಬೇಕು. ಗಂಡ ಹೋದ ಮೇಲೆ ಬ್ಯಾಂಕಲ್ಲಿ ಯಾರೋ ಹೆಬ್ಬೆಟ್ಟು ಅಂದರು ಅಂತ ಹಟ ಹಿಡಿದು ಸಹಿ ಕಲಿತೋಳು ನಾನು. ಈಗ ಮತ್ತೆ ಹೆಬ್ಬೆಟ್ಟಿಗೇ ಬಂತು. ಸರಿ ಅಂತ ಇಟ್ಟೆ.

ತಗೊಳ್ಳಲಿಲ್ಲ. ಒರೆಸಿ ಇಟ್ಟೆ, ತಗೊಳ್ಳಲಿಲ್ಲ. ತೋರು ಬೆರಳು, ನಡು ಬೆರಳು, ಒಂದೂ ಇಲ್ಲ. ಜೀವಮಾನವೆಲ್ಲ ಅಕ್ಕಿ ತೊಳೆದ ನೀರಲ್ಲಿ, ಕಲ್ಲಿನ ಮೇಲೆ ಸವೆದ ಬೆರಳು. ಗೆರೆ ಎಲ್ಲಿಂದ ಬರಬೇಕು? ರೇಷನ್ ಅಂಗಡೀಲೂ ಇದೇ ಗೋಳು. ಸೊಸೆ ಕಾಯ್ತಾ ಕೂತಿದ್ದಳು.

ಕೊನೆಗೆ ಎಡಗೈ ಕಿರುಬೆರಳು ತಗೊಂಡಿತು. ಅದು ಯಾವತ್ತೂ ಕೆಲಸ ಮಾಡಿದ್ದಲ್ಲ.

ಸಹಿ ಹಾಕಿದೆ. ಸೊಸೆ ಪಟ್ಟಿ ನೋಡ್ತಾಳೆ, ನಾನು ಬಾಗಿಲು ನೋಡ್ತೀನಿ. ಬೆಳಗ್ಗೆ ಯಾರು ರಜ ಹಾಕಿದರೂ ಮತ್ತೆ ನನ್ನ ಫೋನೇ ಕೂಗುತ್ತೆ. ಆದರೆ ಆ ಹಾಳಾದ್ದು ದಿನಾ ಬೆರಳು ಕೇಳುತ್ತೆ. ಒಂದೇ ಸಲಕ್ಕೆ ಒಪ್ಪಲ್ಲ. ಟೆಂಪೋ ಹೊರಗೆ ಗುರುಗುಡ್ತಾ ನಿಂತಿರುತ್ತೆ, ಹಿಟ್ಟು ಉಬ್ಬುತ್ತಾ ಇರುತ್ತೆ.

"ಅತ್ತೆ, ಹೊತ್ತಾಯ್ತು. ನಾನು ತೆಗೀಲಾ?" ಅಂತಾಳೆ ಸೊಸೆ.

"ಇರೇ," ಅಂತೀನಿ. ಕಿರುಬೆರಳು ಸೆರಗಿಗೆ ಒರೆಸ್ಕೊಂಡು ಮತ್ತೆ ಇಡ್ತೀನಿ.