ಆನ್ಸೆಲ್ಮನ ಮೆಟ್ಟಿಲ ಬುದ್ಧಿ

ನನ್ನ ಗಂಡ ಆನ್ಸೆಲ್ಮ್ ತೂರ್ ಪಟ್ಟಣದಲ್ಲಿ ನಲವತ್ತು ವರ್ಷ ಮರದ ಮೆಟ್ಟಿಲು ಕಟ್ಟಿದ. ಕೈ ಚುರುಕು, ನಾಲಿಗೆ ಮಂದ. ಬೇಕಾದಾಗ ಬಾರದ ಮಾತು ಹೊರಬಾಗಿಲು ದಾಟಿದ ಮೇಲೆ ಬರುತ್ತಿತ್ತು. ಇದನ್ನು ನಮ್ಮ ಫ್ರೆಂಚರು ‘ಎಸ್ಪ್ರಿ ದ ಲೆಸ್ಕಾಲಿಯೇ’ ಎನ್ನುತ್ತಾರೆ, ಮೆಟ್ಟಿಲ ಬುದ್ಧಿ. ಹಿಂದೆ ದೊಡ್ಡವರ ಮನೆಗಳಲ್ಲಿ ಊಟ, ಹರಟೆ ಎಲ್ಲ ಮೇಲಿನ ಮಹಡಿಯಲ್ಲಿ. ಅಲ್ಲಿ ಚುಚ್ಚುಮಾತಿಗೆ ಬಾಯಿ ಕಟ್ಟಿದ ಅತಿಥಿಗೆ ತಕ್ಕ ಉತ್ತರ ಹೊಳೆಯುತ್ತಿದ್ದದ್ದು ಮೆಟ್ಟಿಲಿಳಿದು ಕೆಳಗೆ ಬಂದಾಗ. ಇಂಗ್ಲಿಷರಿಗೂ ಈ ರೋಗ ಇರಬೇಕು, ಮಾತನ್ನು ಹಾಗೇ ಎತ್ತಿಕೊಂಡು ಹೋಗಿದ್ದಾರೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಬಡಗಿಗಳ ಸಂಘ ಸೇರಬೇಕಾದರೆ ಒಂದು ಮಾದರಿ ಮಾಡಿ ಹಿರಿಯರ ಮುಂದಿಡಬೇಕು. ಇವನ ಗೆಳೆಯ ಗಾಸ್ಪಾರ್ ಮೊಣಕಾಲೆತ್ತರದ ಸುರುಳಿ ಮೆಟ್ಟಿಲು ಮಾಡಿದ್ದ, ಎರಡು ವರ್ಷದ ಕೆಲಸ. ಹಿರಿಯರ ಮುಂದಿಡುವ ಹಿಂದಿನ ದಿನ ನೋಡಲೆಂದು ಎತ್ತಿಕೊಂಡ ನನ್ನ ಗಂಡ ಅದನ್ನು ಬಾಗಿಲಿಗೆ ತಗುಲಿಸಿದ. ಹತ್ತುವಾಗ ಕೈಯಲ್ಲಿ ಹಿಡಿಯುವ ಪಟ್ಟಿಯ ಜೋಡಣೆ ಬಿಟ್ಟಿತು. ಗಾಸ್ಪಾರನಿಗೆ ತಿಳಿಯದಂತೆ ಅಂಟು ಹಚ್ಚಿ ಕೂರಿಸಿದ.

ಮರುದಿನ ಹಿರಿಯನೊಬ್ಬ ಹೆಬ್ಬೆರಳಿನಿಂದ ಒತ್ತಿದ್ದೇ ಪಟ್ಟಿ ಕಳಚಿ ಬಂತು.

“ನಿನ್ನ ಕೈಗೆ ಈ ಕೆಲಸ ಒಗ್ಗಲ್ಲ ಕಣಪ್ಪ” ಎಂದು ಗಾಸ್ಪಾರನಿಗೆ ಹೇಳಿ, ಸುತ್ತಲಿದ್ದವರನ್ನು ಕೇಳಿದ: “ಯಾರಾದ್ರೂ ಏನಾದ್ರೂ ಹೇಳೋದಿದ್ಯಾ?”

ಆನ್ಸೆಲ್ಮನಿಗೆ ಮೆಟ್ಟಿಲಿಳಿಯುವಾಗ ಮಾತು ಬಂತಂತೆ. ಓಡಿ ಹತ್ತಿದರೆ ಕೋಣೆ ಖಾಲಿ. ಗಾಸ್ಪಾರ್ ಅಂದೇ ಊರು ಬಿಟ್ಟು ಸೊಮ್ಯೂರಿಗೆ ಹೋಗಿ ಅಂಚೆಯವನಾದ.

ಮದುವೆಯಾದ ವಾರದಲ್ಲೇ ಇದನ್ನೆಲ್ಲ ನನಗೆ ಹೇಳಿದ.

“ಒಂದು ಕಾಗದ ಬರಿ ಮಾರಾಯ” ಎಂದೆ.

“ಮುಖ ನೋಡಿ ಹೇಳ್ಬೇಕು ಲಿಯೋಂತೀನ್” ಎಂದ. ಹಾಗೆನ್ನುತ್ತಲೇ ಮೂವತ್ತು ವರ್ಷ ಕಳೆದ.

ಕೊನೆಗೊಂದು ವಸಂತದಲ್ಲಿ ನಾನೇ ಅವನನ್ನು ಸೊಮ್ಯೂರಿಗೆ ಎಳೆದುಕೊಂಡು ಹೋದೆ. ಗಂಡಸರಿಬ್ಬರ ಮಾತು, ನನಗೇಕೆ ಎಂದು ಇವನನ್ನು ಮೇಲೆ ಹತ್ತಿಸಿ, ಗಾಸ್ಪಾರನ ಕಟ್ಟಡದ ಕೆಳಗಿನ ಮೆಟ್ಟಿಲ ಮೇಲೆ ಕೂತೆ. ಮೂರನೆಯ ಮಹಡಿಯಿಂದ ಗಾಸ್ಪಾರನ ದನಿ ಕೇಳಿತು: “ಬಾರೋ ಮುದಿಗೂಬೆ, ಇನ್ನೂ ಬದುಕಿದ್ದೀಯಾ!” ಒಂದು ಗಂಟೆಯಾದ ಮೇಲೆ ಇವನು ಇಳಿದು ಬಂದ.

“ಹೇಳಿದ್ಯಾ?”

“‘ಆ ಹಿರಿಯ ನಿಜಾನೇ ಹೇಳ್ದ, ನನ್ನ ಕೈನೇ ಸರಿಯಿಲ್ಲ, ಆವತ್ತಿಂದ ಉಳಿ ಮುಟ್ಟಿಲ್ಲ’ ಅಂತ ಅವ್ನೇ ನಗ್ತಾ ಹೇಳ್ಬಿಟ್ಟ ಕಣೆ.”

“ನೀನೇನಂದೆ?”

“ವೈನ್ ಚೆನ್ನಾಗಿದೆ ಅಂದೆ.”

“ನಿನ್ನ ಬಾಯಿಗೆ ಮಣ್ಣು ಹಾಕ! ಹತ್ತು ಮೇಲೆ!”

ಅವನು ಹತ್ತಲಿಲ್ಲ. ಸ್ಟೇಷನ್ನಿನವರೆಗೂ ಬೈದೆ.

ಆ ವರ್ಷ ದ್ರಾಕ್ಷಿ ಕೊಯ್ಲಿಗೆ ಮೊದಲೇ ಗಾಸ್ಪಾರ್ ತೀರಿಕೊಂಡ, ತನ್ನ ಕೈಯೇ ಕೆಟ್ಟದ್ದೆಂದು ನಂಬಿಕೊಂಡೇ. ಈಗ ಗಂಡನನ್ನು ಬೈಯಲು ನನಗೂ ಬಾಯಿಲ್ಲ. ನಾಲಿಗೆ ಚುರುಕೆಂದು ಬೀದಿಗೆಲ್ಲ ಹೆಸರಾದವಳು ನಾನು. ಆ ಮೂರು ಮಹಡಿ ನಾನೇ ಹತ್ತಿ, “ನಿಮ್ಮ ಕೈ ಸರಿಯಾಗೇ ಇತ್ತು ಗಾಸ್ಪಾರ್” ಎಂದುಬಿಡಬಹುದಿತ್ತು. ನನಗದು ಹೊಳೆದದ್ದು ರೈಲು ಹೊರಟ ಮೇಲೆ.